ಅತ್ತೆಯ ಜಾಗಕ್ಕೊಂದು ಓಣಿ

ಮನೆ ಒರೆಸುವವರಿಗೆಲ್ಲ ಗೊತ್ತಿರುವ ಒಂದು ಸಂಗತಿ ನಗರ ಯೋಜನಾ ಕಚೇರಿಯ ನಕ್ಷೆಗಾರನಿಗೆ ಗೊತ್ತಿರಲಿಲ್ಲ. ಒಳಗಿನ ಮೂಲೆಯಿಂದ ಶುರುಮಾಡಿ ಬಾಗಿಲ ಕಡೆಗೆ ಬರಬೇಕು. ಬಾಗಿಲಿಂದ ಶುರುಮಾಡಿ ಒಳಗೆ ಹೋದರೆ ಒದ್ದೆ ನೆಲದ ನಡುವೆ ಬಕೆಟ್ಟು ಹಿಡಿದುಕೊಂಡು ನಿಲ್ಲಬೇಕಾಗುತ್ತದೆ. ಪಾಪ, ಅವನು ಜನ್ಮದಲ್ಲಿ ಮನೆ ಒರೆಸಿದವನಲ್ಲ. ಹಾಗಾಗಿ ಅವತ್ತು ಬೆಳಿಗ್ಗೆ ರಸ್ತೆಯ ಕಡೆಯಿಂದ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾ, ಬಗ್ಗಿಕೊಂಡೇ ಹಿಂದೆ ಹಿಂದೆ ಸರಿಯುತ್ತಾ ಬಂದು, ಕೊನೆಯ ಗೆರೆ ಮುಗಿಸಿ ಸೊಂಟ ನೆಟ್ಟಗೆ ಮಾಡಿ ನೋಡುತ್ತಾನೆ, ಖಾಲಿ ಡಬ್ಬದ ಸಮೇತ ಪೇಟೆಯ ನಟ್ಟನಡುವೆ ನಿಂತಿದ್ದಾನೆ. ಸುತ್ತ ನಾಲ್ಕೂ ಕಡೆ ಬೇರೆಯವರ ಜಾಗ. ನಾಲ್ಕು ಜಾಗದ ನಾಲ್ಕು ಜನ ಪೊರಕೆ ಹಿಡಿದು ಅವನ ಹೆಜ್ಜೆ ಗುರುತುಗಳನ್ನೆಲ್ಲ ಬೆನ್ನಿಗೇ ಗುಡಿಸಿ ಮರಳನ್ನು ನುಣ್ಣಗೆ ಮಾಡಿಟ್ಟಿದ್ದರು.

"ಮುಗೀತಾ ಗೆರೆರಾಯ್ರೇ?" ಎಂದ ಮುಂದಿನ ಜಾಗದ ಸೆಲೂನಿನವನು.

"ಮುಗೀತಪ್ಪ," ಎಂದು ಅವನು ಹೊರಗೆ ಬರಲು ಕಾಲೆತ್ತಿದ.

"ಏಯ್ ಏಯ್ ಏಯ್!" ಎಂದು ನಾಲ್ಕು ಕಡೆಯಿಂದ ನಾಲ್ಕು ಪೊರಕೆ ಎದ್ದವು. ಎತ್ತಿದ ಕಾಲನ್ನು ಅವನು ಹಾಗೇ ಇಳಿಸಿದ.

ಊರೆಲ್ಲ ಅವನನ್ನು ಗೆರೆರಾಯ ಎಂದೇ ಕರೆಯುತ್ತಿತ್ತು. ಗೆರೆ ಎಳೆಯುವುದು ಅವನ ಕೆಲಸವಾಗಿತ್ತು ಅನ್ನುವುದೊಂದು ಕಾರಣ. ಹೆಂಡತಿ ಎಳೆದದ್ದಿರಲಿ, ಅತ್ತೆ ಎಳೆದದ್ದಿರಲಿ, ಕಚೇರಿಯ ಸಾಹೇಬರು ಎಳೆದದ್ದಿರಲಿ, ಯಾರ ಗೆರೆಯನ್ನೂ ಅವನು ದಾಟಿದವನಲ್ಲ ಅನ್ನುವುದು ಇನ್ನೊಂದು.

ಈ ಪೊರಕೆಗಳ ಹಿನ್ನೆಲೆಯನ್ನು ಹೇಳದಿದ್ದರೆ ನಿಮಗೆ ಇವರೆಲ್ಲ ತಲೆಕೆಟ್ಟವರು ಅನ್ನಿಸಬಹುದು. ಭೂಕಂಪವಾಗಿ ವರ್ಷ ತುಂಬುತ್ತ ಬಂದಿತ್ತು. ರಜೆಯ ದಿನ ಬೆಳಗಿನ ಜಾವ ನೆಲ ನಡುಗಿ, ನಡುಪೇಟೆ ಪೂರ್ತಿ ಕೂತುಬಿಟ್ಟಿತು. ಮೊದಲ ಸಣ್ಣ ನಡುಕಕ್ಕೇ ಎಲ್ಲರೂ ಹೊರಗೆ ಓಡಿ ಬಂದಿದ್ದರಿಂದ ಜೀವಗಳು ಉಳಿದವು, ಅದೇ ದೊಡ್ಡ ಪುಣ್ಯ. ಕಲ್ಲುಮಣ್ಣು ಸಾಗಿಸಿ, ನೆಲ ಸಮ ಮಾಡಿ, ಮರಳು ಹಾಸಿ, ಇನ್ನು ಹೊಸ ಪೇಟೆ ಕಟ್ಟೋಣ ಅನ್ನುವಾಗ ಶುರುವಾಯಿತು ನೋಡಿ ರಗಳೆ. ಯಾರನ್ನು ಕೇಳಿದರೂ ತಮ್ಮದು ಮೂಲೆ ಅಂಗಡಿಯಾಗಿತ್ತು ಅನ್ನುವವರೇ. ಇಡೀ ಪೇಟೆಗೆ ಇದ್ದ ಮೂಲೆಗಳಿಗಿಂತ ಹತ್ತು ಪಟ್ಟು ಮೂಲೆಗಳು ಜನರ ನೆನಪಿನಲ್ಲಿದ್ದವು. ಸಭೆ ಮೇಲೆ ಸಭೆ ನಡೆದು, ಕುರ್ಚಿಗಳು ಹಾರಾಡಿ, ಹಳೆಯ ಅಧಿಕಾರಿ ರಕ್ತದೊತ್ತಡ ಏರಿಸಿಕೊಂಡು ವರ್ಗ ಮಾಡಿಸಿಕೊಂಡು ಹೋದರು. ಅವರ ಜಾಗಕ್ಕೆ ದೊಡ್ಡ ಓದು ಓದಿದ ಹೊಸ ಸಾಹೇಬರು ಬಂದರು.

ಹೊಸ ಸಾಹೇಬರು ಹೇಳಿದ್ದು ಇಷ್ಟು. "ಕಾಗದದ ನಕ್ಷೆ ಜನಕ್ಕೆ ಅರ್ಥ ಆಗಲ್ಲ. ನಕ್ಷೇನ ನೆಲದ ಮೇಲೇ ಬರೀರಿ, ಇದ್ದಷ್ಟೇ ದೊಡ್ಡದಾಗಿ. ರಸ್ತೆ ಹಾಕಿ, ಜಾಗಗಳನ್ನ ಹಾಕಿ. ಓಣಿ ಮಾತ್ರ ಹಾಕ್ಬೇಡಿ. ಓಣಿ ಎಳೆಯೋರು ನಾವಲ್ಲ, ಜನರ ಕಾಲು. ಒಂದು ದಿನ ಎಲ್ಲರೂ ಅದರೊಳಗೆ ಓಡಾಡ್ಲಿ. ಸಂಜೆ ಐದಕ್ಕೆ ನಾನು ಬರ್ತೀನಿ. ಹೆಜ್ಜೆ ಎಲ್ಲಿ ಮೂಡಿದೆಯೋ ಅಲ್ಲಿ ಓಣಿ. ಹೆಜ್ಜೇನೇ ಮೂಡದ ಜಾಗಕ್ಕೆ ಈ ಸಲ ಕಟ್ಟೋ ಪರವಾನಗಿ ಇಲ್ಲ. ನಾನು ನೋಡಿ ಹೇಳಿದ್ದೇ ಕೊನೆ."

ಕೇಳಲಿಕ್ಕೆ ಬಹಳ ಚೆನ್ನಾಗಿತ್ತು. ಆದರೆ ಓಣಿಗೆ ಹೋಗುವ ಅಗಲವನ್ನು ಯಾರ ಜಾಗದಲ್ಲಿ ಹೆಜ್ಜೆ ಮೂಡಿದೆಯೋ ಅವರೇ ಬಿಟ್ಟುಕೊಡಬೇಕು ಅಂದಕೂಡಲೆ ಊರಿನಲ್ಲಿ ಪೊರಕೆಗಳಿಗೆ ಬೇಡಿಕೆ ಬಂತು. ಸಾಹೇಬರ ದೊಡ್ಡ ಓದಿನಲ್ಲಿ ಪೊರಕೆಯ ಪಾಠ ಇದ್ದಂತಿಲ್ಲ.

ಈಗ ಗೆರೆರಾಯ ಸಿಕ್ಕಿಹಾಕಿಕೊಂಡಿದ್ದ ನಟ್ಟನಡುವಿನ ಜಾಗ ಬೇರೆ ಯಾರದೂ ಅಲ್ಲ, ಅವನ ಅತ್ತೆಯದೇ. ಕೆಳಗೆ ಅತ್ತೆಯ ಹೊಲಿಗೆ ಅಂಗಡಿ, ಮೇಲೆ ಮನೆ. ಮೊದಲು ಸೆಲೂನಿನ ಪಕ್ಕದಲ್ಲಿ ಅದಕ್ಕೊಂದು ಸಣ್ಣ ಓಣಿ ಇತ್ತು. ಈಗ ಅದು ಯಾರಿಗೂ ನೆನಪಿರಲಿಲ್ಲ, ಸೆಲೂನಿನವನಿಗಂತೂ ಸುತರಾಂ ನೆನಪಿರಲಿಲ್ಲ.

ಮನೆ ಹೋದಂದಿನಿಂದ ಗೆರೆರಾಯ, ಅವನ ಹೆಂಡತಿ, ಅತ್ತೆ ಮೂವರೂ ಹೆಂಡತಿಯ ಚಿಕ್ಕಪ್ಪನ ಮನೆಯ ಹಜಾರದಲ್ಲಿ ಒಂದು ಪರದೆ ಕಟ್ಟಿಕೊಂಡು ದಿನ ದೂಡುತ್ತಿದ್ದರು. ಚಿಕ್ಕಪ್ಪ ಕೆಟ್ಟವರಲ್ಲ. ಬೆಳಿಗ್ಗೆ ಚಹಾ ಕುಡಿಯುವಾಗ ನಗುನಗುತ್ತಲೇ, "ಮತ್ತೆ ಅಳಿಯಂದಿರೇ, ಊರು ಕಟ್ಟೋ ಕೆಲಸ ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದರು. ಅದರ ಅರ್ಥ ಊರಿನ ಬಗ್ಗೆ ಕಾಳಜಿ ಅಲ್ಲವೆಂದು ಪರದೆಗೂ ಗೊತ್ತಿತ್ತು. ರಾತ್ರಿ ಚಿಕ್ಕಪ್ಪನಿಗೆ ನೀರಡಿಕೆಯಾದರೆ ಗೆರೆರಾಯನ ಕಾಲು ದಾಟಿಕೊಂಡೇ ಹೋಗಬೇಕು, ಮತ್ತು ಅವರಿಗೆ ನೀರಡಿಕೆ ಬಹಳ. ತನ್ನದೊಂದು ಬಾಗಿಲು, ಅದಕ್ಕೊಂದು ಚಿಲಕ, ಇದಕ್ಕಿಂತ ಹೆಚ್ಚಿನದನ್ನು ಗೆರೆರಾಯ ಈಗ ದೇವರಲ್ಲೂ ಕೇಳುತ್ತಿರಲಿಲ್ಲ.

"ಪಾಪ, ಹೊರಗೆ ಹೋಗ್ಬೇಕಾದ್ರೆ ಹೋಗಿ," ಎಂದ ಸೆಲೂನಿನವನು ಉದಾರವಾಗಿ. "ನೀವು ಮುಂದೆ ಮುಂದೆ ನಡೀರಿ, ನಾನು ಹಿಂದೆ ಹಿಂದೆ ಗುಡಿಸ್ಕೊಂಡು ಬರ್ತೀನಿ. ಮನುಷ್ಯರಿಗೆ ಮನುಷ್ಯರು ಆಗದಿದ್ರೆ ಹೇಗೆ?"

ಗೆರೆರಾಯ ಒಪ್ಪಿಬಿಡುತ್ತಿದ್ದನೇನೋ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅತ್ತೆ.

"ಅಳಿಯಂದಿರೇ, ಎಲ್ಲಿದೀರಿ?"

"ನಮ್ಮ ಜಾಗದಲ್ಲೇ ಇದೀನಿ ಅತ್ತೆ. ಸಿಕ್ಕಿಹಾಕ್ಕೊಂಡಿದೀನಿ."

"ಒಳ್ಳೇದಾಯ್ತು! ಅಲ್ಲೇ ಇರಿ. ಓಣಿ ಸಿಗೋವರೆಗೂ ಒಂದು ಹೆಜ್ಜೆ ಕದಲಬೇಡಿ. ನೀವು ಹೊರಗೆ ಬಂದ್ರೆ ಆ ನಾಲ್ಕು ಜನ ಜಾಗಾನೂ ಗುಡಿಸಿ ತಮ್ಮದು ಅಂದುಬಿಡ್ತಾರೆ. ನನಗೆ ಅವರ ಸೊಂಟದ ಅಳತೇನೂ ಗೊತ್ತು, ಬುದ್ಧಿ ಅಳತೇನೂ ಗೊತ್ತು."

"ಹಾಗಲ್ಲ ಅತ್ತೆ, ಬಿಸಿಲು..."

"ತಲೆ ಮೇಲೆ ಆ ಡಬ್ಬ ಇಟ್ಕೊಳ್ಳಿ," ಎಂದು ಅತ್ತೆ ಫೋನಿಟ್ಟರು.

ಗೆರೆರಾಯ ಡಬ್ಬ ಬೋರಲು ಹಾಕಿ ಅದರ ಮೇಲೆ ಕೂತ. ತಲೆಯ ಮೇಲೆ ಇಟ್ಟುಕೊಂಡಿದ್ದರೆ ತಳದಲ್ಲಿ ಅಂಟಿದ್ದ ಸುಣ್ಣ ಸುರಿಯುತ್ತಿತ್ತು.

ಹೊತ್ತು ಏರಿದಂತೆ ಸುಣ್ಣದ ಪೇಟೆಗೆ ಜೀವ ಬಂತು. ಸೆಲೂನಿನವನು ತನ್ನ ಕುರ್ಚಿ ತಂದಿಟ್ಟು, ಗಳುವೊಂದನ್ನು ನೆಟ್ಟು ಕನ್ನಡಿ ತೂಗುಹಾಕಿದ. ಎಡಗಡೆಯ ಬೇಕರಿಯವರು ಮೇಜು ಹಾಕಿ ಬನ್ನುಗಳನ್ನು ಜೋಡಿಸಿದರು. ಬಲಗಡೆಯ ವಾಚ್ ರಿಪೇರಿಯವರು ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ಕೂತರು. ಗಿರಾಕಿಗಳಿಗೆ ರಸ್ತೆಯ ಅಂಚಿನಲ್ಲೇ ವ್ಯಾಪಾರ, ಒಳಗೆ ಒಂದು ಹೆಜ್ಜೆಯೂ ಇಡುವಂತಿಲ್ಲ. ಹಿಂದಿನ ಜಾಗ ನಿವೃತ್ತ ಹೆಡ್‌ಮಿಸ್ಸಿನದು. ಅವರು ತಮ್ಮ ಜಗಲಿ ಎಲ್ಲಿ ಬರಬೇಕೋ ಅಲ್ಲಿ ಕುರ್ಚಿ ಹಾಕಿ ಪತ್ರಿಕೆ ಓದತೊಡಗಿದರು. ಎಲ್ಲರಿಗೂ ಇಲ್ಲದ ಗೋಡೆಗಳು ಕಾಣುತ್ತಿದ್ದವು.

"ಹೆಡ್‌ಮಿಸ್ಸೇ," ಎಂದು ಗೆರೆರಾಯ ಹಿಂದಕ್ಕೆ ತಿರುಗಿ ಶುರುಮಾಡಿದ, "ನಿಮ್ಮ ಹಿತ್ತಲ ಪಕ್ಕದಲ್ಲಿ ಒಂದು ಸಣ್ಣ..."

"ಅಲ್ಲಿಂದ ಮಾತಾಡಬೇಡಿ. ಅಲ್ಲಿ ಗೋಡೆ ಇದೆ."

"ಮತ್ತೆ ಎಲ್ಲಿಂದ ಮಾತಾಡಲಿ?"

"ಇನ್ನೂ ಎರಡು ಮಾರು ಈಚೆ ಬನ್ನಿ, ಅಡುಗೆಮನೆ ಕಿಟಕಿ ಇದೆ."

ಗೆರೆರಾಯ ಕಿಟಕಿಗೆ ಬಂದು ಇಣುಕಿ ತನ್ನ ಅಹವಾಲು ಹೇಳಿಕೊಂಡ. ಹೆಡ್‌ಮಿಸ್ಸು ಪೂರ್ತಿ ಕೇಳಿದರು. "ನಾಲ್ಕು ಜನ ನೆರೆಯವರಿದ್ದಾರೆ. ಮೊದಲು ಉಳಿದ ಮೂವರನ್ನ ಕೇಳಿ ಬನ್ನಿ," ಎಂದು ಕಿಟಕಿ ಮುಚ್ಚಿದರು. ನಿಜವಾಗಿಯೂ ಎರಡು ಕೈಯಲ್ಲಿ ಎಳೆದು ಮುಚ್ಚಿದರು. ಬೇಕರಿಯವರನ್ನು ಕೇಳಿದರೆ, "ಅಯ್ಯೋ, ನನ್ನ ಒಲೆ ಬರೋದೇ ಅಲ್ಲಿ ಸ್ವಾಮಿ, ಜನ ಒಲೆ ಮೇಲೆ ನಡೀತಾರಾ?" ಅಂದರು. ವಾಚ್ ರಿಪೇರಿಯವರು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನ ಗಾಜಿನಿಂದ ಅವನನ್ನು ಬಹಳ ಹೊತ್ತು ಪರೀಕ್ಷಿಸಿ, ಇಲ್ಲ ಎಂದು ತಲೆ ಆಡಿಸಿದರು. ಒಂದು ಸ್ಪ್ರಿಂಗು ನೋಡಲಿಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು.

ಮಧ್ಯಾಹ್ನಕ್ಕೆ ಹೆಂಡತಿ ಊಟದ ಡಬ್ಬಿ ಹಿಡಿದುಕೊಂಡು ರಸ್ತೆಯಲ್ಲಿ ಪ್ರತ್ಯಕ್ಷಳಾದಳು. ಜೊತೆಗೆ ಅತ್ತೆ, ಕುತ್ತಿಗೆಗೆ ಕತ್ತರಿ ನೇತುಹಾಕಿಕೊಂಡು. ನೆಲ ನಡುಗಿದ ದಿನ ಮನೆಯಿಂದ ಅವರು ಹೊತ್ತು ತಂದದ್ದು ಅದೊಂದೇ. ಅವಶೇಷದಡಿಯಿಂದ ಹೊಲಿಗೆ ಯಂತ್ರವನ್ನು ಆಮೇಲೆ ಗೆರೆರಾಯ ಎಳೆದು ತೆಗೆದಿದ್ದ.

"ರೀ, ಡಬ್ಬಿ ಎಸೀತೀನಿ, ಹಿಡ್ಕೊಳ್ಳಿ!"

"ಬೇಡ ಮಾರಾಯ್ತಿ! ಕೈಗೆ ಕೊಟ್ಟು ಕಳಿಸು!"

ಆದರೆ ಅವಳು ಎಸೆದೇಬಿಟ್ಟಳು. ಡಬ್ಬಿ ಗಾಳಿಯಲ್ಲಿ ತಿರುಗುತ್ತಾ ಹೋಗಿ ಬೇಕರಿಯವರ ಮರಳಿಗೆ ಬಿದ್ದು ಕುಳಿ ಮಾಡಿತು. ಬೇಕರಿಯವರು ಪೊರಕೆ ಎತ್ತಿಕೊಂಡು ಓಡಿ ಬಂದು, ಡಬ್ಬಿ ಕೈಗೆತ್ತಿಕೊಂಡು, ಕುಳಿ ಸಮ ಮಾಡಿ, ಮುಚ್ಚಳ ತೆಗೆದು ಮೂಸಿದರು.

"ನನ್ನ ಜಾಗಕ್ಕೆ ಬಿದ್ದಿದ್ದು ಅಂದ್ರೆ ಲೆಕ್ಕಕ್ಕೆ ನನ್ನದೇ," ಎಂದರು. "ಆದ್ರೆ ನಾನು ಅಂಥವನಲ್ಲ." ಅರ್ಧ ತಿಂದು, ಉಳಿದರ್ಧ ಇದ್ದ ಡಬ್ಬಿಯನ್ನು ಪೊರಕೆಯ ಹಿಡಿಗೆ ಸಿಕ್ಕಿಸಿ ಗೆರೆಯ ಆಚೆಗೆ ಚಾಚಿದರು. ಗೆರೆರಾಯ ಅಷ್ಟಕ್ಕೇ ಕೈಮುಗಿದ.

ಊಟದ ನಂತರ ಸೆಲೂನಿನವನು ತನ್ನ ಕುರ್ಚಿಯಲ್ಲೇ ಒರಗಿ, ಮುಖದ ಮೇಲೆ ಟವೆಲು ಹಾಕಿಕೊಂಡು ಗೊರಕೆ ಶುರುಮಾಡಿದ. ಅತ್ತೆ ರಸ್ತೆಯಿಂದ ಫೋನು ಮಾಡಿದರು. ಕಣ್ಣೆದುರೇ ನಿಂತಿದ್ದರೂ ಫೋನು.

"ಅಳಿಯಂದಿರೇ, ನಿಮ್ಮ ಹತ್ತಿರ ಆ ಉದ್ದ ಅಳತೆಕೋಲು ಇದೆಯಲ್ಲ. ತುದಿಗೆ ನಿಮ್ಮ ಚಪ್ಪಲಿ ಕಟ್ಟಿ. ಗೆರೆ ದಾಟಬೇಡಿ. ಅಲ್ಲಿಂದಲೇ ಸದ್ದಿಲ್ಲದೆ ಒತ್ತುತ್ತಾ ಹೋಗಿ."

"ಮೋಸ ಆಗಲ್ವಾ ಅತ್ತೆ?"

"ಇದ್ದ ಓಣೀನ ನುಂಗಿದ್ದು ಮೋಸ. ನೀವು ಒತ್ತಿ."

ಗೆರೆರಾಯ ಬೆವರುತ್ತಾ ಒತ್ತಿದ. ಬಲಗಾಲಿನ ಚಪ್ಪಲಿಯೊಂದನ್ನೇ ಕಟ್ಟಿದ್ದರಿಂದ ಎಲ್ಲವೂ ಬಲಗಾಲೇ ಆಯಿತು. ಕೋಲು ಕುರ್ಚಿಯವರೆಗೆ ಮಾತ್ರ ಎಟುಕಿತು. ಮುಗಿಸಿ ನೋಡಿದರೆ, ಯಾರೋ ಒಂಟಿಕಾಲಿನವನು ಕುಪ್ಪಳಿಸಿಕೊಂಡು ಸೆಲೂನಿನ ಕುರ್ಚಿಯವರೆಗೂ ಬಂದು, ಅಲ್ಲಿಂದ ಆಕಾಶಕ್ಕೆ ಹಾರಿಹೋದಂತಿತ್ತು.

"ಏನ್ರೀ ಅದು?" ಎಂದು ಹಿಂದಿನಿಂದ ಹೆಡ್‌ಮಿಸ್ಸು ಇಡೀ ಶಾಲೆಗೆ ಕೇಳುವ ದನಿಯಲ್ಲಿ ಗುಡುಗಿದರು. "ಇಷ್ಟು ದೊಡ್ಡವರಾಗಿ ಕುಂಟಾಬಿಲ್ಲೆ ಆಡ್ತಾ ಇದೀರಾ?"

ಸೆಲೂನಿನವನು ಧಡಕ್ಕನೆ ಎದ್ದ. ಹೆಜ್ಜೆಗಳನ್ನು ನೋಡಿ ಮೊದಲು ಅವನಿಗೆ ಹೊಳೆದದ್ದು, ಕುಂಟ ಗಿರಾಕಿಯೊಬ್ಬ ಬಂದು ತಾನು ಮಲಗಿದ್ದನ್ನು ಕಂಡು ವಾಪಸು ಹೋದನೇನೋ ಎಂದು. ಆಮೇಲೆ ಕೋಲು ಕಂಡಿತು, ಕೋಲಿನ ತುದಿಯಲ್ಲಿ ಚಪ್ಪಲಿ ಕಂಡಿತು.

"ಅಯ್ಯಯ್ಯೋ! ಹಾಡಹಗಲೇ ಓಣಿ ಹೊಡೀತಿದ್ದಾರಲ್ರಪ್ಪೋ! ಸರ್ಕಾರಿ ಕೋಲಲ್ಲಿ, ಸ್ವಂತ ಅತ್ತೆಗೆ!"

ಬೇಕರಿಯವರು ಬಂದರು, ವಾಚ್ ರಿಪೇರಿಯವರು ಬಂದರು, ಹೆಡ್‌ಮಿಸ್ಸು ಬಂದರು. ಪ್ರತಿಯೊಬ್ಬರೂ ತಮ್ಮ ತಮ್ಮ ಜಾಗದಲ್ಲಿ ಹಿಮ್ಮುಖವಾಗಿ ನಡೆಯುತ್ತಾ, ತಮ್ಮ ಹೆಜ್ಜೆಯನ್ನು ತಾವೇ ಗುಡಿಸಿಕೊಳ್ಳುತ್ತಾ ಬಂದು, ಬೆನ್ನು ಮುಂದಾಗಿ ಗೆರೆರಾಯ ನಿಂತಿದ್ದ ಜಾಗದೊಳಗೆ ಇಳಿದರು. ಜಗಳ ಆಡಲು ಬೇರೆ ಜಾಗವೇ ಇರಲಿಲ್ಲ. ತಮ್ಮ ಮರಳು ಕೆಡುವುದು ಯಾರಿಗೂ ಬೇಡ. ಅತ್ತೆಯೂ ಹೆಂಡತಿಯೂ ಸೆಲೂನಿನ ಜಾಗ ಹಾಯ್ದು ನುಗ್ಗಿದರು. ಸೆಲೂನಿನವನು ಬೈಯುತ್ತಲೇ ಅವರ ಹಿಂದೆ ಗುಡಿಸುತ್ತಾ ಬಂದ.

ಅತ್ತೆ ಗೆರೆಯೊಳಗೆ ಕಾಲಿಟ್ಟರು. ಭೂಕಂಪದ ದಿನದಿಂದ ಆ ನೆಲವನ್ನು ಅವರು ತುಳಿದಿರಲಿಲ್ಲ. ಮೆಲ್ಲಗೆ ಒಂದು ಕಡೆ ಹೋಗಿ ನಿಂತರು. "ಯಂತ್ರ ಇಲ್ಲಿತ್ತು," ಎಂದರು. "ಬೆಳಕು ಈ ಕಡೆಯಿಂದ ಬರ್ತಿತ್ತು." ಹೆಂಡತಿ ಅಮ್ಮನ ಕೈ ಹಿಡಿದುಕೊಂಡಳು. ಈ ಮುದುಕಿಗೊಂದು ಬಾಗಿಲು ಕೊಡಿಸದೆ ಹೋದರೆ ನಾನೆಂಥ ನಕ್ಷೆಗಾರ ಎಂದು ಗೆರೆರಾಯನಿಗೆ ನಿಜವಾಗಿಯೂ ಅನ್ನಿಸಿತು.

ಅಷ್ಟರಲ್ಲಿ ಅತ್ತೆ ಚೇತರಿಸಿಕೊಂಡಿದ್ದರು. "ಯಾರಪ್ಪಾ ಓಣಿ ಕೊಡಲ್ಲ ಅನ್ನೋರು? ಬೇಕರಿಯವರಾ? ಹೋದ ಸಲ ನಿಮ್ಮ ಪ್ಯಾಂಟಿನ ಸೊಂಟಾನ ಎಷ್ಟು ಇಂಚು ಸಡಿಲ ಮಾಡಿದೆ ಅಂತ ಇಲ್ಲೇ ಹೇಳಲಾ?"

"ಟೈಲರಮ್ಮ, ಅದೆಲ್ಲ ಈಗ ಯಾಕೆ," ಎಂದು ಬೇಕರಿಯವರು ಹೊಟ್ಟೆ ಒಳಗೆಳೆದುಕೊಂಡರು.

ಹೆಡ್‌ಮಿಸ್ಸು ಕೈ ತಟ್ಟಿ ಸಭೆಯನ್ನು ಸುಮ್ಮನಾಗಿಸಿದರು. "ಓಣಿಗೆ ಮೂರಡಿ ಬೇಕು. ನಾವು ನಾಲ್ಕು ಜನ. ಒಬ್ಬೊಬ್ಬರು ಮುಕ್ಕಾಲು ಅಡಿ ಕೊಟ್ಟರೆ ಸರಿಯಾಗಿ ಮೂರಡಿ. ಯಾರಿಗೂ ಅನ್ಯಾಯ ಇಲ್ಲ."

ಎಲ್ಲರೂ ಭೇಷ್ ಅಂದರು. ಗೆರೆರಾಯನೊಬ್ಬನೇ ಕೈಯೆತ್ತಿದ. "ಮಿಸ್, ನಾಲ್ಕು ದಿಕ್ಕಿಗೆ ಮುಕ್ಕಾಲು ಮುಕ್ಕಾಲು ಅಡಿ ಇದ್ರೆ ಬೆಕ್ಕು ಓಡಾಡಬಹುದು. ನಾವು ಹೇಗೆ ಓಡಾಡೋದು?"

"ಲೆಕ್ಕ ಸರಿ ಇದೆಯೋ ಇಲ್ವೋ ಅದನ್ನ ಹೇಳಿ."

"ಲೆಕ್ಕ ಸರಿ ಇದೆ ಮಿಸ್."

"ಮತ್ತೆ ಕೂತ್ಕೊಳ್ಳಿ."

ಆಗ ರಸ್ತೆಯಿಂದ ಒಂದು ಕೂಗು ಕೇಳಿಸಿತು. "ಟೈಲರಮ್ಮಾ! ಅಯ್ಯೋ, ನೀವೇನಾ? ಅಂಗಡಿ ತೆಗೆದ್ರಾ?" ಹಳೆಯ ಗಿರಾಕಿಯೊಬ್ಬರು. ಅಂಗಡಿ ಹೋದಮೇಲೆ ಸರಿಯಾದ ಅಳತೆಯ ಬಟ್ಟೆಯನ್ನೇ ಕಾಣದೆ, ಒಂದು ಭುಜ ಏರಿ ಇನ್ನೊಂದು ಇಳಿದ ಕುಪ್ಪಸ ತೊಟ್ಟು ಓಡಾಡುತ್ತಿದ್ದರು. ಆಕೆ ಹಿಂದೆಮುಂದೆ ನೋಡದೆ ಸೆಲೂನಿನ ಜಾಗ ಹಾಯ್ದು ಬಂದರು. ಹಿಂದೆಯೇ ಕೈಚೀಲ ಹಿಡಿದ ಗಂಡ. ಗಂಡ ಕೆಲಸವಿಲ್ಲದೆ ಸೆಲೂನಿನ ಕುರ್ಚಿಯ ಪಕ್ಕ ನಿಂತು, ಕನ್ನಡಿ ನೋಡಿ, ಗಡ್ಡ ಕೆರೆದುಕೊಂಡ.

ಗುಡಿಸಲು ಬಗ್ಗಿದ್ದ ಸೆಲೂನಿನವನು ಹಾಗೇ ನಿಂತುಬಿಟ್ಟ. ಅವನ ಕಣ್ಣು ಆ ಗಡ್ಡದ ಮೇಲೆ ನೆಟ್ಟಿತು. ಟೈಲರಮ್ಮನ ಬಳಿ ಹೆಂಗಸರು ಬರುತ್ತಾರೆ. ಹೆಂಗಸರ ಜೊತೆ ಗಂಡಂದಿರು ಬರುತ್ತಾರೆ. ಅಳತೆ ಮುಗಿಯುವವರೆಗೆ ಗಂಡಂದಿರು ನಿಂತೇ ಇರುತ್ತಾರೆ, ಮತ್ತು ಅವರ ಗಡ್ಡ ಬೆಳೆಯುತ್ತಲೇ ಇರುತ್ತದೆ.

ಪೊರಕೆಯನ್ನು ಅವನು ರಸ್ತೆಗೆ ಎಸೆದ. "ಟೈಲರಮ್ಮನ ಅಂಗಡಿಗೆ ಹೋಗೋರೆಲ್ಲ ಇಲ್ಲಿಂದ ಬನ್ನಿ! ಇದೇ ದಾರಿ! ಹಳೇ ಓಣಿ ಇಲ್ಲೇ ಇತ್ತು, ನನಗೆ ಚೆನ್ನಾಗಿ ನೆನಪಿದೆ!"

ಬೇಕರಿಯವರು ಪೆದ್ದರಲ್ಲ. ಗಂಡಂದಿರಿಗೆ ಗಡ್ಡವಿದ್ದಂತೆ ಎಲ್ಲರಿಗೂ ಹೊಟ್ಟೆಯೂ ಇದೆ. "ಅಲ್ಲಿ ಕೂದಲು ಬಿದ್ದಿರುತ್ತಮ್ಮ, ಈ ಕಡೆಯಿಂದ ಬನ್ನಿ! ಬಿಸಿ ಬನ್ನು ಇದೆ!" ಎಂದು ಕೂಗಿದರು. ಇಷ್ಟು ಹೊತ್ತೂ ತುಟಿ ಬಿಚ್ಚದಿದ್ದ ವಾಚ್ ರಿಪೇರಿಯವರು ಎದ್ದು ನಿಂತು, "ನಿಂತ ವಾಚು ಬಿಟ್ಟು ಹೋಗಿ, ಅಳತೆ ಕೊಟ್ಟು ಬರೋದರೊಳಗೆ ಓಡಿಸಿಕೊಡ್ತೀನಿ!" ಎಂದು ಗಂಟಲು ಹರಿಯುವಂತೆ ಸಾರಿದರು. ಹೆಡ್‌ಮಿಸ್ಸಿಗೆ ಮಾರಲು ಏನೂ ಇರಲಿಲ್ಲ. ಆದರೆ ತಮ್ಮೊಬ್ಬರನ್ನೇ ಬಿಟ್ಟು ಊರೆಲ್ಲ ಬೇರೆ ದಾರಿಯಲ್ಲಿ ಹೋಗುವುದನ್ನು ಅವರಿಗೆ ಸಹಿಸಲಾಗಲಿಲ್ಲ. "ಸಾಲಾಗಿ ಬರೋರು ನನ್ನ ಕಡೆಯಿಂದ ಬನ್ನಿ!" ಎಂದರು.

ಟೈಲರಮ್ಮ ಬಂದಿದ್ದಾರೆ ಅನ್ನುವ ಸುದ್ದಿ ಕ್ಷಣಾರ್ಧದಲ್ಲಿ ಊರಿಗೆ ಹಬ್ಬಿತು. ಹೆಂಗಸರು ಬಂದರು, ಗಂಡಂದಿರು ಬಂದರು, ಮಕ್ಕಳು ಬಂದವು. ಏನಾಗುತ್ತಿದೆ ಎಂದು ನೋಡಲು ಬಂದವರು ಎಲ್ಲರಿಗಿಂತ ಹೆಚ್ಚು ಬಂದರು. "ಅಳಿಯಂದಿರೇ, ಆ ಟೇಪು ಕೊಡಿ," ಎಂದು ಅತ್ತೆ ಗೆರೆರಾಯನ ಸರ್ವೇ ಟೇಪು ಕಿತ್ತುಕೊಂಡು ಸೊಂಟಗಳಿಗೆ ಸುತ್ತತೊಡಗಿದರು. ರಸ್ತೆ ಅಳೆಯುವ ಟೇಪಾದ್ದರಿಂದ ಯಾರಿಗೂ ಸಾಲದೆ ಹೋಗಲಿಲ್ಲ.

ಗೆರೆರಾಯ ಡಬ್ಬದ ಮೇಲೆ ನಿಂತು ಸುತ್ತ ನೋಡಿದ. ನಾಲ್ಕೂ ದಿಕ್ಕಿನಲ್ಲಿ ಮರಳು ಉತ್ತ ಹೊಲದಂತಾಗಿತ್ತು. ಒಂದು ಓಣಿಗೆ ಬೆಳಗಿನಿಂದ ಭಿಕ್ಷೆ ಬೇಡಿದವನಿಗೆ ನಾಲ್ಕು ಓಣಿ! ಅವನಿಗೆ ಕುಣಿಯಬೇಕು ಅನ್ನಿಸಿತು, ಡಬ್ಬ ಅಲುಗಾಡಿದ್ದರಿಂದ ಸುಮ್ಮನಾದ.

"ಚಿಕ್ಕಪ್ಪಾ!" ಎಂದು ಹೆಂಡತಿ ಫೋನಿನಲ್ಲಿ ಕಿರುಚುತ್ತಿದ್ದಳು. "ದಾರಿ ಸಿಕ್ತು! ಒಂದಲ್ಲ, ನಾಲ್ಕು! ಇನ್ನೇನು, ನಮ್ಮ ಜಾಗ ನಮಗೆ ಆಯ್ತು ಅಂತಲೇ ಲೆಕ್ಕ! ತಗಡಿನ ಶೀಟು ಹೊದಿಸಿಕೊಂಡಾದ್ರೂ ಇಲ್ಲೇ ಇರ್ತೀವಿ!" ಆ ಕಡೆಯಿಂದ ಚಿಕ್ಕಪ್ಪ ಅತ್ತ ಸದ್ದು ಕೇಳಿಸಿತು. ಆನಂದಕ್ಕೇ ಇರಬೇಕು.

ಐದು ಗಂಟೆಗೆ ಸರಿಯಾಗಿ ಸಾಹೇಬರ ಜೀಪು ಬಂತು. ಸಾಹೇಬರು ಇಳಿದು, ರಸ್ತೆಯ ಅಂಚಿನಲ್ಲೇ ನಿಂತರು. ನಾಲ್ಕು ಕಡೆಯಿಂದ ಹರಿದು ಬಂದು ನಡುವೆ ಸೇರಿದ್ದ ಹೆಜ್ಜೆಗಳನ್ನು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಇದೇ," ಎಂದರು. ದನಿ ಒದ್ದೆಯಾಗಿತ್ತು. "ಇಷ್ಟು ವರ್ಷ ನಾನು ಹೇಳ್ತಾ ಬಂದಿದ್ದು ಇದನ್ನೇ. ಯಾವ ಊರಲ್ಲೂ ಕಂಡಿರಲಿಲ್ಲ."

"ಸರ್, ನಾಲ್ಕು ಓಣಿ ಬಂದಿದೆ ಸರ್," ಎಂದ ಗೆರೆರಾಯ ಹೆಮ್ಮೆಯಿಂದ. "ಎಲ್ಲರೂ ಮನಸಾರೆ ಬಿಟ್ಟುಕೊಟ್ಟಿದ್ದಾರೆ."

"ಓಣಿ ಬಿಡ್ರೀ! ಓಣಿಗಳು ಎಲ್ಲಿ ಸೇರಿವೆ ನೋಡಿ. ಊರಿಗೆ ಊರೇ ಇಲ್ಲಿ ಬಂದು ನಿಂತಿದೆ. ಯಾರೂ ಕರೆದಿಲ್ಲ, ಯಾರೂ ಹೇಳಿಲ್ಲ. ಇದು ಈ ಊರಿನ ಚೌಕ ಕಣ್ರೀ! ಜನ ತಾವೇ ಆರಿಸ್ಕೊಂಡಿದ್ದಾರೆ!" ಸಾಹೇಬರು ಅವನ ಕೈ ಹಿಡಿದು ಕುಲುಕಿದರು. "ಇಲ್ಲಿ ಒಂದು ಇಟ್ಟಿಗೇನೂ ಏಳಕೂಡದು. ಬಯಲು. ಅಂಚಿಗೆ ನಾಲ್ಕು ಬೆಂಚು. ನಡುವೆ ಒಂದು ಮರ."

ಗೆರೆರಾಯನ ಕೈ ಕುಲುಕುತ್ತಲೇ ತಣ್ಣಗಾಯಿತು. "ಸರ್... ಇದು ನಮ್ಮತ್ತೆ ಜಾಗ ಸರ್. ಜನ ಬಂದಿದ್ದು ಅಳತೆ ಕೊಡೋಕೆ ಸರ್. ಬಟ್ಟೆ ಅಳತೆ!"

"ತಾವು ಯಾಕೆ ಬಂದ್ವಿ ಅಂತ ಜನಕ್ಕೆ ಯಾವತ್ತು ಗೊತ್ತಿತ್ತು? ಕಾಲಿಗೆ ಗೊತ್ತಿರುತ್ತೆ. ನಿಮ್ಮತ್ತೆಗೆ ಬೇರೆ ಕಡೆ ಜಾಗ ಕೊಡೋಣ, ಎರಡನೇ ಹಂತದಲ್ಲಿ."

"ಎರಡನೇ ಹಂತ ಯಾವಾಗ ಸರ್?"

"ಮೊದಲನೇದು ಮುಗಿದ ಮೇಲೆ."

ಗೆರೆರಾಯ ದಿಕ್ಕುಗೆಟ್ಟು ನೆರೆಯವರ ಕಡೆ ತಿರುಗಿದ. "ನೀವಾದ್ರೂ ಹೇಳ್ರಪ್ಪ! ಇದು ಚೌಕ ಅಲ್ಲ ಅಂತ ಹೇಳಿ!"

ಸೆಲೂನಿನವನು ತಲೆ ಕೆರೆದುಕೊಂಡ. "ಸಾಹೇಬ್ರೇ, ಇದು ಚೌಕ ಆದ್ರೆ ನಮ್ಮದು ಮೂಲೆ ಅಂಗಡಿ ಆಗುತ್ತಾ?"

"ನಾಲ್ಕೂ ಮೂಲೆಯವೇ," ಎಂದರು ಸಾಹೇಬರು. "ಎಲ್ಲವೂ ಚೌಕಕ್ಕೇ ಮುಖ."

"ಚೌಕ ಸರ್," ಎಂದ ಸೆಲೂನಿನವನು. "ಚೌಕವೇ," ಎಂದರು ಬೇಕರಿಯವರು. ವಾಚ್ ರಿಪೇರಿಯವರು ಮತ್ತೆ ಮೌನಕ್ಕೆ ಮರಳಿ, ಹೌದೆಂದು ತಲೆ ಆಡಿಸಿದರು. ಹೆಡ್‌ಮಿಸ್ಸು ಬೆಂಚು ತಮ್ಮ ಜಗಲಿಗೆ ಎದುರಾಗಿ ಬರಲಿ ಎಂದರು.

ಅತ್ತೆ ಟೇಪನ್ನು ಯಾರದೋ ಸೊಂಟದಿಂದ ಮೆಲ್ಲಗೆ ಬಿಚ್ಚಿ ಸುರುಳಿ ಸುತ್ತಿದರು. ಸಾಹೇಬರನ್ನು ಬೈಯಲಿಲ್ಲ, ನೆರೆಯವರನ್ನು ಬೈಯಲಿಲ್ಲ. ಅಳಿಯನ ಮುಖ ನೋಡಿ, "ನಾಲ್ಕು ಓಣಿ," ಎಂದರು ಅಷ್ಟೇ. ಗೆರೆರಾಯನಿಗೆ ಇದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಚಿಕ್ಕಪ್ಪನಿಗೆ ಮತ್ತೆ ಫೋನು ಮಾಡಿದಳು. ಚಿಕ್ಕಪ್ಪ ಎತ್ತಲಿಲ್ಲ. ಮತ್ತೆ ಮಾಡಿದಳು. ಫೋನು ಸ್ವಿಚ್ ಆಫ್ ಆಗಿತ್ತು.

"ಡಬ್ಬ ತುಂಬಿಸ್ಕೊಂಡು ಬನ್ನಿ," ಎಂದರು ಸಾಹೇಬರು. "ಬೆಳಕಿರೋವಾಗಲೇ ಚೌಕ ಗುರುತು ಹಾಕಿಬಿಡೋಣ. ನಿಮ್ಮ ಕೈಯಿಂದಲೇ ಆಗಲಿ."

ಗೆರೆರಾಯ ಸುಣ್ಣ ತುಂಬಿಸಿಕೊಂಡು ಬಂದು, ಅತ್ತೆಯ ಅಂಗಡಿಯ ಗೆರೆಗಳನ್ನು ಕಾಲಲ್ಲಿ ಒರೆಸಿ, ಬಗ್ಗಿ ಚೌಕದ ಸುತ್ತ ಹೊಸ ಗೆರೆ ಎಳೆಯತೊಡಗಿದ. ಯಾರೂ ತಡೆಯಲಿಲ್ಲ, ಯಾರ ಕೈಯಲ್ಲೂ ಪೊರಕೆ ಇರಲಿಲ್ಲ. ಅವನು ಎತ್ತ ಬೇಕಾದರೂ ನಡೆಯಬಹುದಾಗಿತ್ತು.

ಅರ್ಧ ಸುತ್ತು ಮುಗಿಯುವಷ್ಟರಲ್ಲಿ ರಸ್ತೆಯಲ್ಲಿ ಗಡಗಡ ಸದ್ದಾಯಿತು. ಒಂದು ತಳ್ಳುಗಾಡಿ ಬಂದು ನಿಂತಿತು. ಗಾಡಿಯ ಮೇಲೆ ಅತ್ತೆಯ ಹೊಲಿಗೆ ಯಂತ್ರ, ಹೆಂಡತಿಯ ಟ್ರಂಕು, ಮೂರು ಹಾಸಿಗೆ ಸುರುಳಿ, ಎಲ್ಲಕ್ಕಿಂತ ಮೇಲೆ ಒಪ್ಪವಾಗಿ ಮಡಿಸಿಟ್ಟ ಹಜಾರದ ಪರದೆ.

"ಗೆರೆರಾಯರ ಹೊಸ ಮನೆ ಇದೇನಾ?" ಎಂದ ಗಾಡಿಯವನು ಬೆವರೊರೆಸಿಕೊಳ್ಳುತ್ತಾ. "ನಿಮ್ಮ ಚಿಕ್ಕಪ್ಪ ಕಳಿಸಿದ್ದಾರೆ. ಹಜಾರಕ್ಕೆ ಆಗಲೇ ಬಾಡಿಗೆಯವರು ಬಂದ್ರು, ಬೇಗ ಇಳಿಸಿ ಬಾ ಅಂದ್ರು. ಯಾವ ಕಡೆಯಿಂದ ಬರ್ಲಿ?"

ಗೆರೆರಾಯ ಬಾಯಿ ತೆರೆಯುವ ಮೊದಲೇ, ನಾಲ್ಕು ದಿಕ್ಕಿನಿಂದ ನಾಲ್ಕು ಜನ ಒಟ್ಟಿಗೆ ಕೈಬೀಸಿ ಕೂಗಿದರು.

"ಇಲ್ಲಿಂದ ಬಾರಪ್ಪ, ಇಲ್ಲಿಂದ! ದಾರಿ ಇದೆ!"